ಮಾಲೀಕನಿಗೆ ಗಡಿಯಿಲ್ಲ, ಅಭಿಮಾನಿಗೆ ಮಾತ್ರ ಪರೀಕ್ಷೆ

2025ರ ಆಗಸ್ಟ್ ಕೊನೆಯಲ್ಲಿ ಅರಕಲಗೂಡಿಗೆ ಹೋಗಿದ್ದಾಗ ಪರಿಚಿತ ಕುಟುಂಬವೊಂದರ ತಾಯಿ ಬಹಳ ಸಂತೋಷದಿಂದ ಒಂದು ವಿಷಯ ತಿಳಿಸಿದರು. "ಹಜ್ರತ್, ನಮ್ಮ ಹುಡುಗ ಈಗ ಪೂರ್ತಿ ಬದಲಾಗಿದ್ದಾನೆ. ಯಾರೂ ಎಬ್ಬಿಸಬೇಕಾಗಿಲ್ಲ. ನಾಲ್ಕೂವರೆಗೆಲ್ಲ ತಾನೇ ಏಳುತ್ತಾನೆ" ಎಂದರು. ಫಜ್ರ್ ನಮಾಝ್‌ಗೆ ಮಸೀದಿಯ ಮೊದಲ ಸಾಲು ತುಂಬುವುದೇ ಕಷ್ಟವಾಗಿರುವ ಈ ದಿನಗಳಲ್ಲಿ ಪಿ.ಯು.ಸಿ. ಓದುವ ಹುಡುಗನೊಬ್ಬ ಅಝಾನ್‌ಗೂ ಮುಂಚೆ ಎದ್ದು ಕೂರುತ್ತಾನೆಂದರೆ ಯಾವ ತಾಯಿ ತಾನೇ ಹಿಗ್ಗುವುದಿಲ್ಲ? ನಾನೂ ಹಿಗ್ಗಿದೆ. ಹುಡುಗ ಮಾತ್ರ ತಲೆ ತಗ್ಗಿಸಿ ನಿಂತಿದ್ದ.

ಅಮ್ಮ ಒಳಗೆ ಹೋದ ಮೇಲೆ ಸತ್ಯ ಹೊರಬಿತ್ತು. ಅವನು ಏಳುತ್ತಿದ್ದುದು ಕೆರಿಬಿಯನ್ ಪ್ರೀಮಿಯರ್ ಲೀಗ್‌ಗಾಗಿ. ಟ್ರಿನಿಡಾಡ್‌ನಲ್ಲಿ ಸಂಜೆ ಏಳಕ್ಕೆ ಆರಂಭವಾಗುವ ಪಂದ್ಯ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಆರಂಭವಾಗುತ್ತದೆ. ಅಝಾನ್ ಕೇಳಿಸುವ ಹೊತ್ತಿಗೆ ಮೊದಲ ಓವರ್‌ಗಳ ಭರಾಟೆ. "ಇನ್ನಿಂಗ್ಸ್ ಬ್ರೇಕ್‌ನಲ್ಲಿ ನಮಾಝ್ ಮಾಡಿಕೊಳ್ಳುತ್ತೇನೆ ಹಜ್ರತ್" ಎಂದ. ಟ್ರಿನಿಡಾಡ್ ಎಲ್ಲಿದೆ ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಆ ತಂಡದಲ್ಲಿ ಭಾರತದ ಆಟಗಾರರಾರೂ ಇಲ್ಲವಲ್ಲ ಎಂದರೆ ಅದಕ್ಕೆ ಅವನಲ್ಲಿ ಉತ್ತರ ಸಿದ್ಧವಾಗಿತ್ತು: "ಆದರೂ ಅದು ನಮ್ಮ ಟೀಮ್ ಹಜ್ರತ್. ಕೆಕೆಆರ್ ಯಾರದೋ ಅದೂ ಅವರದೇ."

ನಮ್ಮ ಟೀಮ್! ಹುಡುಗನ ಮೇಲೆ ನನಗೆ ಕೋಪ ಬರಲಿಲ್ಲ. ಆದರೆ 'ನಮ್ಮ' ಎಂಬ ಆ ಸಣ್ಣ ಪದ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹೊಳೆನರಸೀಪುರದ ಚಹಾ ಅಂಗಡಿಯೊಂದರಲ್ಲಿ ಇಬ್ಬರು ಯುವಕರು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ತಂಡದ ಸೋಲಿನ ಬಗ್ಗೆ ಮಾತಿಗೆ ಮಾತು ಬೆಳೆಸಿ ಕಾಲರ್ ಹಿಡಿಯುವ ಹಂತಕ್ಕೆ ಹೋದುದನ್ನು ಕಂಡಿದ್ದೇನೆ. ಒಬ್ಬ ಮುಂಬೈ ಇಂಡಿಯನ್ಸ್‌ನ ಅಭಿಮಾನಿ, ಆದ್ದರಿಂದ ಕೇಪ್‌ಟೌನ್ ಅವನ 'ನಮ್ಮದು'. ಹಾಸನದಲ್ಲಿ ಆಕಾಶನೀಲಿ ಬಣ್ಣದ ಮ್ಯಾಂಚೆಸ್ಟರ್ ಸಿಟಿ ಅಂಗಿ ತೊಟ್ಟು ಜುಮಾಗೆ ಬಂದಿದ್ದ ಹುಡುಗನೊಬ್ಬ ಅದರ ಕಾರಣವನ್ನು ಬಹಳ ಗಂಭೀರವಾಗಿ ವಿವರಿಸಿದ್ದ: "ಅದರ ಮಾಲೀಕರು ಮುಸಲ್ಮಾನರು." ಊರು ಬೇರೆ, ಆಟ ಬೇರೆ, ಭ್ರಮೆ ಒಂದೇ. ತಂಡದ ಊರನ್ನಲ್ಲ, ಆಟಗಾರನನ್ನೂ ಅಲ್ಲ, ಮಾಲೀಕನನ್ನು ಹಿಂಬಾಲಿಸುವ ಹೊಸ ಅಭಿಮಾನವೊಂದು ನಮ್ಮ ಮನೆಗಳ ಒಳಗೆ ಬಂದು ಕುಳಿತಿದೆ. ಈ ಅಭಿಮಾನವನ್ನು ನಮ್ಮಿಂದ ಯಾರು, ಯಾತಕ್ಕಾಗಿ ಪಡೆಯುತ್ತಿದ್ದಾರೆ ಎಂದು ಕೇಳಲೇಬೇಕಾದ ಕಾಲ ಬಂದಿದೆ.

ಮೊದಲು ವ್ಯವಹಾರವನ್ನು ಅರ್ಥ ಮಾಡಿಕೊಳ್ಳೋಣ. 2008ರಲ್ಲಿ ಐಪಿಎಲ್ ಆರಂಭವಾದಾಗ ಒಬ್ಬ ಮಾಲೀಕನಿಗೆ ಒಂದು ತಂಡ, ಒಂದು ನಗರ ಇತ್ತು. ಎರಡು ತಿಂಗಳ ಆಟ ಮುಗಿದರೆ ಅಂಗಡಿ ಬಾಗಿಲು ಮುಚ್ಚಿ ಹತ್ತು ತಿಂಗಳು ಕಾಯಬೇಕು. ಬಂಡವಾಳಕ್ಕೆ ಕಾಯುವುದೆಂದರೆ ಆಗದು. ಕೋಲ್ಕತ್ತಾ ನೈಟ್ ರೈಡರ್ಸ್‌ನ ಮಾಲೀಕರು 2015ರಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊದ ತಂಡದಲ್ಲಿ ಪಾಲು ಕೊಂಡರು. ಅದರ ಹೆಸರು ಅಲ್ಲಿಯವರೆಗೆ ರೆಡ್ ಸ್ಟೀಲ್. ಆ ವರ್ಷ ಅದು ಕಪ್ ಗೆದ್ದಿತು. ಮರುವರ್ಷ ಆ ಹೆಸರೇ ಅಳಿದು 'ಟ್ರಿನ್‌ಬಾಗೊ ನೈಟ್ ರೈಡರ್ಸ್' ಆಯಿತು. 2023ರಲ್ಲಿ ಅಬುಧಾಬಿ ಮತ್ತು ಲಾಸ್ ಏಂಜಲೀಸ್ ಸೇರಿಕೊಂಡವು. ಮುಂಬೈ ಇಂಡಿಯನ್ಸ್‌ಗೆ ಕೇಪ್‌ಟೌನ್, ಎಮಿರೇಟ್ಸ್, ನ್ಯೂಯಾರ್ಕ್‌ಗಳಲ್ಲಿ ಶಾಖೆಗಳಾದವು. 2022ರಲ್ಲಿ ದಕ್ಷಿಣ ಆಫ್ರಿಕಾ ಹೊಸ ಲೀಗ್ ಘೋಷಿಸಿದಾಗ ಅದರ ಆರಕ್ಕೆ ಆರೂ ತಂಡಗಳನ್ನು ಐಪಿಎಲ್ ಮಾಲೀಕರೇ ಕೊಂಡುಬಿಟ್ಟರು. 2025ರಲ್ಲಿ ಇಂಗ್ಲೆಂಡಿನ 'ಹಂಡ್ರೆಡ್' ತಂಡಗಳ ಪಾಲು ಮಾರಾಟಕ್ಕೆ ಬಂದಾಗಲೂ ಇವರೇ ಮುಂದೆ ನಿಂತರು. ನಮ್ಮನ್ನು ಇನ್ನೂರು ವರ್ಷ ಆಳಿದವರ ಅಂಗಳಕ್ಕೇ ನಮ್ಮ ಧನಿಕರು ಹೋಗಿ ಕುಳಿತರೆಂದು ಕೆಲವರು ಎದೆಯುಬ್ಬಿಸಿದರು. ಇದರಲ್ಲಿ ಹೊಳೆನರಸೀಪುರದವನಿಗೆ ಬಂದ ಲಾಭವೇನು ಎಂದು ಯಾರೂ ಕೇಳಲಿಲ್ಲ.

ಈಗ ಒಬ್ಬ ಅಭಿಮಾನಿಯ ಪಂಚಾಂಗ ನೋಡಿ. ವರ್ಷ ಬದಲಾಗುವ ಹೊತ್ತಿಗೆ ಕೊಲ್ಲಿ ಮತ್ತು ಆಫ್ರಿಕಾ, ಮಾರ್ಚ್‌ನಿಂದ ಐಪಿಎಲ್, ಜೂನ್-ಜುಲೈನಲ್ಲಿ ಅಮೆರಿಕ, ಬಳಿಕ ಇಂಗ್ಲೆಂಡ್, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ವೆಸ್ಟ್ ಇಂಡೀಸ್. ಒಂದೇ ಬಣ್ಣ, ಒಂದೇ ಚಿಹ್ನೆ. ಬಿಡುವಿಲ್ಲದ ಈ ಚಕ್ರಕ್ಕಾಗಿಯೇ ಎರಡನೆಯ, ಮೂರನೆಯ ದೇಶದ ತಂಡ ಬೇಕಾಗಿದೆ. ಹೊಸ ಗಿರಾಕಿಯನ್ನು ಹುಡುಕುವುದಕ್ಕಿಂತ ಹಳೆಯ ಗಿರಾಕಿಯನ್ನು ವರ್ಷವಿಡೀ ಅಂಗಡಿಯಲ್ಲೇ ಕೂರಿಸಿಕೊಳ್ಳುವುದು ಅಗ್ಗವೆಂಬುದು ಹಾಸನದ ಸಂತೆಯಲ್ಲಿ ಆಲೂಗಡ್ಡೆ ಮಾರುವವನಿಗೂ ಗೊತ್ತಿರುವ ಲೆಕ್ಕ. ಚನ್ನರಾಯಪಟ್ಟಣದಲ್ಲಿ ಒಬ್ಬ ತಂದೆ, ಗುಜರಿ ವ್ಯಾಪಾರ ಮಾಡುವವರು, ಮಗನ ಕಾಲೇಜು ಶುಲ್ಕದ ಹಣ ಜನವರಿಯಲ್ಲಿ ಎಲ್ಲಿ ಹೋಯಿತೆಂದು ತಿಳಿಯದೆ ಕಂಗಾಲಾಗಿದ್ದರು. ಐಪಿಎಲ್ ಇಲ್ಲದ ತಿಂಗಳಲ್ಲಿ ಬೆಟ್ಟಿಂಗ್ ಇರುವುದಿಲ್ಲವೆಂದೇ ಅವರು ನಂಬಿದ್ದರು. ಹಣ ಹೋದದ್ದು ಅಬುಧಾಬಿಯ ಪಂದ್ಯಗಳ ಮೇಲೆ. ಆನ್‌ಲೈನ್ ಜೂಜಿನ ವಿರುದ್ಧ ಕರ್ನಾಟಕ 2021ರಲ್ಲಿ ತಂದ ಕಾನೂನನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಹಣವಿಟ್ಟಾಡುವ ಆಟಗಳನ್ನು ನಿಷೇಧಿಸಿತು. ಆದರೆ ಬೀದಿಯ ಬುಕ್ಕಿಗೆ ಆ್ಯಪ್ ಬೇಕಿಲ್ಲ, ಪಂದ್ಯವೊಂದು ನಡೆಯುತ್ತಿದ್ದರೆ ಸಾಕು. ಮೈಸಿರ್ (ಜೂಜು) ಹರಾಮ್ ಎಂದು ಮಿಂಬರ್‌ನಿಂದ ಹೇಳುವ ನಾವು ಅದು ಯಾವ ಬಾಗಿಲಿನಿಂದ ಒಳಬರುತ್ತದೆಂದು ನೋಡದಿದ್ದರೆ ಹೇಳಿದ್ದರಿಂದ ಪ್ರಯೋಜನವೇನು?

ಈ ಮಾಲೀಕರು ತಮ್ಮ ತಂಡಗಳನ್ನೆಲ್ಲ ಒಟ್ಟಾಗಿ ಕರೆಯುವುದು 'ಕುಟುಂಬ' ಎಂದು. ಎರಡು ಊರುಗಳ ನಡುವೆ ಬಾಂಧವ್ಯ ಬೆಸೆಯುವುದೆಂದರೇನೆಂದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮಕ್ಕಾದಿಂದ ಎಲ್ಲವನ್ನೂ ಬಿಟ್ಟು ಬಂದ ಮುಹಾಜಿರ್‌ಗಳನ್ನು ಮದೀನಾದ ಅನ್ಸಾರ್‌ಗಳೊಂದಿಗೆ ಪ್ರವಾದಿ(ಸ) ಸಹೋದರರನ್ನಾಗಿ ಮಾಡಿದಾಗ ಅನ್ಸಾರ್‌ಗಳು ಮನೆ, ತೋಟ, ಸಂಪತ್ತುಗಳಲ್ಲಿ ಪಾಲು ಕೊಡಲು ಮುಂದಾದರು. ಅಲ್ಲಿ ಉಳ್ಳವನು ಇಲ್ಲದವನಿಗೆ ಕೊಟ್ಟ. ಇಂದಿನ ಕ್ರೀಡಾ ಕುಟುಂಬದಲ್ಲಿ ಅಂಗಿ ಕೊಳ್ಳುವವನು ಅರಕಲಗೂಡಿನವನು, ಟಿಕೆಟ್ ಕೊಳ್ಳುವವನು ಪೋರ್ಟ್ ಆಫ್ ಸ್ಪೇನ್‌ನವನು, ಲೆಕ್ಕ ಮುಗಿದ ಮೇಲೆ ಉಳಿಯುವುದು ಒಬ್ಬನೇ ಯಜಮಾನನ ಪೆಟ್ಟಿಗೆಯಲ್ಲಿ. ಕೊಟ್ಟವರಿಬ್ಬರೂ ಪರಸ್ಪರ ಮುಖ ನೋಡಿದವರಲ್ಲ.

ಹೆಸರಿನ ವಿಷಯಕ್ಕೇ ಬನ್ನಿ. ಬಾರ್ಬಡೋಸ್ ದ್ವೀಪದ ತಂಡಕ್ಕೆ ಮೊದಲು ಟ್ರೈಡೆಂಟ್ಸ್ ಎಂಬ ಹೆಸರಿತ್ತು. ತ್ರಿಶೂಲವು ಆ ದೇಶದ ಧ್ವಜದಲ್ಲೇ ಇರುವ ಚಿಹ್ನೆ. 2016ರಲ್ಲಿ ಆ ತಂಡವನ್ನು ಕೊಂಡವರು ನಮ್ಮ ಬೆಂಗಳೂರಿನ ವಿಜಯ್ ಮಲ್ಯ. ಬೆಂಗಳೂರು ಮತ್ತು ಬಾರ್ಬಡೋಸ್ ಆಗ 'ಒಂದೇ ಕುಟುಂಬ'. ಕೈಗಳು ಬದಲಾದವು. 2021ರಲ್ಲಿ ರಾಜಸ್ಥಾನ ರಾಯಲ್ಸ್‌ನ ಮಾಲೀಕರು ಅದನ್ನು ಕೊಂಡು 'ಬಾರ್ಬಡೋಸ್ ರಾಯಲ್ಸ್' ಎಂದು ಹೆಸರಿಟ್ಟರು. ಮಲ್ಯರ ಕಾಲದಲ್ಲಿ ಬಾರ್ಬಡೋಸ್‌ಗಾಗಿ ಕೂಗಿದ ಬೆಂಗಳೂರಿನ ಅಭಿಮಾನಿ ಈಗೇನು ಮಾಡಬೇಕು? ಜೈಪುರದ ನಂಟಸ್ತನವಾದ ಕಾರಣ ಅದನ್ನು ದ್ವೇಷಿಸಬೇಕೇ? ದ್ವೀಪದಲ್ಲಿ ಒಂದು ಕಲ್ಲೂ ಕದಲಿಲ್ಲ. ಬದಲಾದದ್ದು ಒಂದು ಕ್ರಯಪತ್ರ. ಸೇಂಟ್ ಲೂಸಿಯಾದ ಝೂಕ್ಸ್ ತಂಡವೂ 2020ರಲ್ಲಿ ಪಂಜಾಬಿನ ಮಾಲೀಕರ ಪಾಲಾದ ಮೇಲೆ 'ಕಿಂಗ್ಸ್' ಆಯಿತು. ಝೂಕ್ ಎಂಬುದು ಆ ಭಾಗದ ಜನರ ಸಂಗೀತದ ಹೆಸರು. ನಾಳೆ ಯಾರೋ ದೂರದೇಶದವರು ಹಾಸನಕ್ಕೆ ಒಂದು ತಂಡ ಕಟ್ಟಿಕೊಟ್ಟು ಅದರ ಹೆಸರಿನಿಂದ ನಮ್ಮೂರಿನ ಗುರುತನ್ನು ಒರೆಸಿ ತಮ್ಮ ಅಂಗಡಿಯ ಫಲಕ ತೂಗುಹಾಕಿದರೆ ನಾವು ಸುಮ್ಮನಿರುತ್ತೇವೆಯೇ?

ಇತಿಹಾಸದ ವಿದ್ಯಾರ್ಥಿಯಾಗಿದ್ದಾಗ ಕಾನ್‌ಸ್ಟಾಂಟಿನೋಪಲ್‌ನ ರಥದ ಓಟದ ಬಗ್ಗೆ ಓದಿದ್ದು ಇಲ್ಲಿ ನೆನಪಾಗುತ್ತದೆ. ನೀಲಿ ಮತ್ತು ಹಸಿರು ಎಂಬ ಎರಡು ಬಣ್ಣಗಳ ಪಂಗಡಗಳು ಆ ಒಂದು ನಗರದಲ್ಲಷ್ಟೇ ಅಲ್ಲ, ಅಂತಿಯೋಕ್, ಅಲೆಕ್ಸಾಂಡ್ರಿಯಾಗಳಲ್ಲೂ ಇದ್ದವು. ಊರು ಯಾವುದಾದರೂ ಬಣ್ಣ ಅದೇ. ಆ ಹುಚ್ಚು ಕೊನೆಗೆ 532ರಲ್ಲಿ ದಂಗೆಯಾಗಿ ಸಾವಿರಾರು ಜನರ ಸಾವಿನಲ್ಲಿ ಪರ್ಯವಸಾನವಾಯಿತು. ಕುರುಡು ಪಂಗಡಾಭಿಮಾನವನ್ನು ಪ್ರವಾದಿ(ಸ) 'ಅಸಬಿಯ್ಯತ್' ಎಂದು ಖಂಡಿಸಿದ್ದು ಅದಾಗಿ ನೂರು ವರ್ಷದೊಳಗೆ. ಅರಬರ ಅಸಬಿಯ್ಯತ್‌ಗೆ ಕನಿಷ್ಠ ರಕ್ತಸಂಬಂಧದ ನೆಪವಾದರೂ ಇತ್ತು. ನಮ್ಮ ಹುಡುಗರದಕ್ಕೆ ಅದೂ ಇಲ್ಲ.

'ಈ ಸಲ ಕಪ್ ನಮ್ದೇ' ಎಂದು ವರ್ಷಗಟ್ಟಲೆ ಕೂಗಿದ ಕನ್ನಡಿಗರ ಬಗ್ಗೆ ನನಗೆ ಅನಾದರವಿಲ್ಲ. ಆ ಕೂಗಿನಲ್ಲಿ ಊರಿನ ಪ್ರೀತಿ ಇತ್ತು. ಆದರೆ 'ನಮ್ದು' ಯಾರದು? 2008ರಲ್ಲಿ 11.16 ಕೋಟಿ ಡಾಲರ್‌ಗೆ ಆ ತಂಡವನ್ನು ಕೊಂಡ ಮಲ್ಯ ಅದಕ್ಕೆ ಇಟ್ಟ ಹೆಸರು ತಮ್ಮ ವಿಸ್ಕಿಯದು. ರಾಯಲ್ ಚಾಲೆಂಜ್ ಎಂಬುದು ಬಾಟಲಿಯ ಹೆಸರೆಂದು ತಿಳಿಯದೆ ನಮ್ಮ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಈದ್‌ಗೆ ಆ ಅಂಗಿ ತೊಡಿಸಿಲ್ಲ! ದಕ್ಷಿಣ ಆಫ್ರಿಕಾದ ಹಾಶಿಂ ಆಮ್ಲಾ ತನ್ನ ದೇಶದ ತಂಡದ ಅಂಗಿಯಲ್ಲಿದ್ದ ಬಿಯರ್ ಕಂಪೆನಿಯ ಚಿಹ್ನೆಯನ್ನು ತೊಡಲು ಒಪ್ಪದೆ ಚಿಹ್ನೆಯಿಲ್ಲದ ಅಂಗಿಯಲ್ಲೇ ಆಡಿದರು. ಅವರ ಆಟವೂ ಕುಂದಲಿಲ್ಲ, ಗೌರವವೂ ಕುಂದಲಿಲ್ಲ. ಆಡುವವನಿಗಿದ್ದ ಎಚ್ಚರ ನೋಡುವವನಿಗೆ ಇಲ್ಲವಾದುದು ವಿಪರ್ಯಾಸ.

ಮಲ್ಯರ ವಿಮಾನಗಳು 2012ರಲ್ಲಿ ನಿಂತವು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಬೀದಿಗೆ ಬಂದರು. 2016ರ ಮಾರ್ಚ್‌ನಲ್ಲಿ ಬ್ಯಾಂಕುಗಳಿಗೆ ಸಾವಿರಾರು ಕೋಟಿ ಬಾಕಿ ಇರುವಾಗಲೇ ಅವರು ದೇಶ ಬಿಟ್ಟರು. ಬಾರ್ಬಡೋಸ್ ತಂಡ ಕೊಂಡದ್ದೂ ಅದೇ ವರ್ಷ ಎಂಬುದನ್ನು ಓದುಗರು ಮರೆಯಬಾರದು. ಆ ಹೊತ್ತಿಗೆ ಅವರ ಮದ್ಯದ ಕಂಪೆನಿ ಲಂಡನ್ನಿನ ಡಿಯಾಜಿಯೋ ಸಂಸ್ಥೆಯ ಹಿಡಿತಕ್ಕೆ ಹೋಗಿತ್ತು, ಅದರೊಂದಿಗೆ ಬೆಂಗಳೂರಿನ ತಂಡವೂ ಹೋಯಿತು. ಕನ್ನಡದ ಅಭಿಮಾನವೆಂದು ನಾವು ಬೀದಿಯಲ್ಲಿ ಹೊತ್ತು ಮೆರೆಸಿದ್ದು ಬ್ರಿಟಿಷ್ ಮದ್ಯದ ಕಂಪೆನಿಯೊಂದರ ಆಸ್ತಿಯನ್ನು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕಪ್ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜನರು ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅವರಲ್ಲಿ ಒಬ್ಬ ನಮ್ಮ ಹಾಸನ ಜಿಲ್ಲೆಯ ಯುವಕ. ಆ ಸಾವಿಗೆ ಯಾರು ಎಷ್ಟು ಹೊಣೆ ಎಂಬುದನ್ನು ತನಿಖೆಗಳು ಹೇಳಲಿ. ನಾನು ಹೇಳುವುದು ಇಷ್ಟೇ: ಅದಾಗಿ ಐದು ತಿಂಗಳಿಗೆ, ನವೆಂಬರ್‌ನಲ್ಲಿ, ಆ ತಂಡದಲ್ಲಿನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ ಕಂಪೆನಿ ಷೇರುಪೇಟೆಗೆ ತಿಳಿಸಿತು. ಮದ್ಯದ ವ್ಯಾಪಾರಕ್ಕೆ ಕ್ರಿಕೆಟ್ ಮುಖ್ಯವಲ್ಲವೆಂಬುದು ಅದು ಕೊಟ್ಟ ಕಾರಣ. ಮಗನನ್ನು ಮಣ್ಣು ಮಾಡಿ ಬಂದ ತಂದೆಗೆ ಆ ತಂಡ ಮುಖ್ಯವೋ ಅಲ್ಲವೋ ಎಂದು ಮರುಪರಿಶೀಲಿಸುವ ಅವಕಾಶ ಯಾರೂ ಕೊಡಲಿಲ್ಲ.

ಇನ್ನು 'ಮಾಲೀಕರು ಮುಸಲ್ಮಾನರು' ಎಂಬ ವಾದ. ನಮ್ಮ ಸಮುದಾಯದೊಳಗಿನ ಮಾತಾದ್ದರಿಂದ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. 2008ರಲ್ಲಿ ಮ್ಯಾಂಚೆಸ್ಟರ್ ಸಿಟಿ ಅಬುಧಾಬಿ ರಾಜಮನೆತನದ ಕೈಗೆ ಹೋಯಿತು. 2011ರಲ್ಲಿ ಪ್ಯಾರಿಸ್‌ನ ತಂಡ ಕತಾರ್‌ಗೆ. 2021ರ ಅಕ್ಟೋಬರ್‌ನಲ್ಲಿ ನ್ಯೂಕ್ಯಾಸಲ್ ಸೌದಿ ಸರಕಾರದ ನಿಧಿಗೆ. ಅದೇ ನಿಧಿ 2023ರಲ್ಲಿ ರಿಯಾಧ್ ಮತ್ತು ಜಿದ್ದಾದ ನಾಲ್ಕು ದೊಡ್ಡ ತಂಡಗಳಲ್ಲಿ ಶೇಕಡ 75ರಷ್ಟು ಪಾಲು ಪಡೆಯಿತು. ಅವುಗಳಲ್ಲಿ ಒಂದು ರೊನಾಲ್ಡೋನ ಅಲ್ ನಸ್ರ್. ನ್ಯೂಕ್ಯಾಸಲ್ ಮತ್ತು ಅಲ್ ನಸ್ರ್ ಎರಡೂ 'ನಮ್ಮವು' ಎಂದು ನಮ್ಮ ಹುಡುಗರು ಸಂಭ್ರಮಿಸಿದರು. ಪತ್ರಕರ್ತ ಜಮಾಲ್ ಖಶೋಗಿಯನ್ನು 2018ರಲ್ಲಿ ಇಸ್ತಾಂಬುಲ್‌ನ ದೂತಾವಾಸದೊಳಗೆ ಕೊಂದ ಕಳಂಕವನ್ನು ಚೆಂಡಿನಿಂದ ಒರೆಸಲು ಸಾಧ್ಯವೇ ಎಂದು ಯೂರೋಪಿನ ಎಷ್ಟೋ ಜನ ಕೇಳಿದರು. ಖಶೋಗಿಯೂ ಮುಸಲ್ಮಾನನೇ ಆಗಿದ್ದ. ನಮ್ಮ ಹಳ್ಳಿಗಳಿಂದ ಕೊಲ್ಲಿಗೆ ದುಡಿಯಲು ಹೋದವರು ಆ ರಾಜಮನೆತನಗಳ ನಾಡಿನಲ್ಲಿ ಬಿಸಿಲಲ್ಲಿ ಕಂಬಿ ಕಟ್ಟುವಾಗ ಅವರನ್ನು 'ನಮ್ಮವರು' ಎಂದು ಯಾವ ಶೇಖ್ ಕರೆದಿದ್ದಾನೆ?

ಅಬುಧಾಬಿಯ ಅದೇ ಕೂಟ 2014ರಲ್ಲಿ ಮೆಲ್ಬರ್ನಿನ ತಂಡವೊಂದನ್ನು ಕೊಂಡು ಅದರ ಕೆಂಪು-ಬಿಳಿ ಪಟ್ಟೆಯನ್ನು ತೆಗೆಸಿ ಆಕಾಶನೀಲಿ ತೊಡಿಸಿತು. 2019ರ ನವೆಂಬರ್‌ನಲ್ಲಿ ಮುಂಬೈ ಸಿಟಿ ತಂಡದ ಶೇಕಡ 65 ಪಾಲು ಕೊಂಡಿತು. ಆಗ ಭಾರತದ ಫುಟ್‌ಬಾಲ್‌ಗೆ ಶುಕ್ರದೆಸೆ ಎಂದರು. ಇಂಡಿಯನ್ ಸೂಪರ್ ಲೀಗ್ ನಡೆಯುವುದೇ ಅನುಮಾನವೆನ್ನುವ ಸ್ಥಿತಿ 2025ರಲ್ಲಿ ಬಂದಾಗ, ವರ್ಷದ ಕೊನೆಯಲ್ಲಿ, ಆ ಕೂಟ ತನ್ನ ಪಾಲನ್ನು ಬಿಟ್ಟು ಹೊರನಡೆಯಿತು. ಸಂಕಟದ ದಿನ ಬಿಟ್ಟು ಹೋಗುವುದನ್ನು ವ್ಯಾಪಾರವೆನ್ನೋಣ, ಅದರಲ್ಲಿ ತಪ್ಪಿಲ್ಲ. ಕುಟುಂಬವೆನ್ನುವುದು ಬೇಡ.

ಶಾರುಖ್ ಖಾನ್‌ರ ತಂಡವೆಂದು ಕೆಕೆಆರ್ ಅನ್ನು ಪ್ರೀತಿಸುವವರಿಗೂ ಒಂದು ಮಾತಿದೆ. 2025ರ ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ ನಡೆದ ಹರಾಜಿನಲ್ಲಿ ಆ ತಂಡ ಬಾಂಗ್ಲಾದೇಶದ ಬೌಲರ್ ಮುಸ್ತಫಿಜುರ್ ರಹಮಾನ್‌ರನ್ನು 9.20 ಕೋಟಿ ರೂಪಾಯಿಗೆ ಕೊಂಡಿತು. ಹರಾಜಿನ ಪಟ್ಟಿಯಲ್ಲಿ ಆ ಹೆಸರನ್ನು ಇಟ್ಟದ್ದು ಕ್ರಿಕೆಟ್ ಮಂಡಳಿಯೇ. ಆದರೂ ಕೊಂಡದ್ದಕ್ಕಾಗಿ ಶಾರುಖ್‌ರನ್ನು ದೇಶದ್ರೋಹಿ ಎಂದು ಕರೆದ ರಾಜಕಾರಣಿಗಳಿದ್ದರು. 2026ರ ಜನವರಿ 3ರಂದು ಮಂಡಳಿ ಆಟಗಾರನನ್ನು ಕೈಬಿಡಲು ಸೂಚಿಸಿತು. ತಂಡ ಕೈಬಿಟ್ಟಿತು. ಬಾಂಗ್ಲಾದೇಶ ಭಾರತಕ್ಕೆ ಬಂದು ಟಿ20 ವಿಶ್ವಕಪ್ ಆಡಲು ಒಪ್ಪದೆ ಹೋಯಿತು, ಅದರ ಜಾಗಕ್ಕೆ ಸ್ಕಾಟ್ಲೆಂಡ್ ಬಂತು. ನಾಲ್ಕು ದೇಶಗಳಲ್ಲಿ ತಂಡವಿರುವ ಸಂಸ್ಥೆಗೂ ಒಬ್ಬ ಬೌಲರ್‌ನನ್ನು ಉಳಿಸಿಕೊಳ್ಳಲಾಗಲಿಲ್ಲ. ಇದೇ ಐಪಿಎಲ್‌ನ ಮೊದಲ ವರ್ಷ, 2008ರಲ್ಲಿ, ಪಾಕಿಸ್ತಾನದ ಮಿಸ್ಬಾ ಉಲ್ ಹಕ್ ಬೆಂಗಳೂರು ತಂಡದ ಅಂಗಿಯಲ್ಲೇ ಆಡಿದ್ದರು, ಜನ ಚಪ್ಪಾಳೆಯನ್ನೂ ತಟ್ಟಿದ್ದರು ಎಂದರೆ ಇಂದಿನ ಹುಡುಗರು ನಂಬುವುದಿಲ್ಲ.

ಹೀಗಿರುವಾಗ ಗಡಿ ಯಾರಿಗೆ ಇದೆ, ಯಾರಿಗೆ ಇಲ್ಲ? ಧನಿಕನು ಕೇಪ್‌ಟೌನ್‌ನಲ್ಲಿ ಭಾರತದ ವಿರುದ್ಧ ಆಡುವವರಿಗೂ ಸಂಬಳ ಕೊಡಬಹುದು, ಲಂಡನ್ನಿನಲ್ಲೂ ಗೆಲ್ಲಬಹುದು, ದುಬೈಯಲ್ಲೂ ಗೆಲ್ಲಬಹುದು. ಅವನ ನಿಷ್ಠೆ ಯಾವ ದೇಶಕ್ಕೆಂದು ಯಾರೂ ಕೇಳುವುದಿಲ್ಲ. ಕೇಳುವುದು ನಮ್ಮ ಬೀದಿಯ ಹುಡುಗನನ್ನು. 2017ರ ಜೂನ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಪಾಕಿಸ್ತಾನ ಗೆದ್ದಾಗ ಸಂಭ್ರಮಿಸಿದರೆಂದು ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಹಳ್ಳಿಯೊಂದರ ಹದಿನೈದಕ್ಕೂ ಹೆಚ್ಚು ಬಡ ಮುಸ್ಲಿಮರನ್ನು ದೇಶದ್ರೋಹದ ಆರೋಪದಲ್ಲಿ ಹಿಡಿದರು. ದೂರುದಾರನೆಂದು ಹೆಸರಿಸಲ್ಪಟ್ಟ ಹಿಂದೂ ಸಹೋದರನೇ ತಾನು ಅಂತಹ ದೂರು ಕೊಟ್ಟಿಲ್ಲವೆಂದ. ಆರು ವರ್ಷ ಅಲೆದ ಮೇಲೆ 2023ರಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ನಮ್ಮ ಮಕ್ಕಳು ಟ್ರಿನಿಡಾಡ್‌ಗಾಗಿ ಕೂಗಿದರೆ ಇಂದು ಯಾರೂ ಕೇಳುವುದಿಲ್ಲ, ನಿಜ. ಏಕೆಂದರೆ ಅಲ್ಲಿ ಕೂಗುವುದರಿಂದ ಒಬ್ಬನಿಗೆ ಲಾಭವಿದೆ. ಲಾಭವಿರುವವರೆಗೆ ಎರಡು ದೇಶದ ನಿಷ್ಠೆ ಆಧುನಿಕತೆ, ಇಲ್ಲವಾದರೆ ಅದೇ ಅಪರಾಧ. ನಮ್ಮ ದೇಶನಿಷ್ಠೆಗೆ ಕ್ರಿಕೆಟ್ಟಿನ ಪ್ರಮಾಣಪತ್ರ ಬೇಕಾಗಿಲ್ಲವೆಂದು ನಾವು ಎಷ್ಟು ದೃಢವಾಗಿ ಹೇಳುತ್ತೇವೋ, ನಮ್ಮ ಅಭಿಮಾನ ಯಾರ ವ್ಯಾಪಾರದ ಸರಕೂ ಅಲ್ಲವೆಂದು ಅಷ್ಟೇ ದೃಢವಾಗಿ ಹೇಳಲು ಕಲಿಯಬೇಕು.

ಒಂದು ನ್ಯಾಯದ ಮಾತನ್ನೂ ಇಲ್ಲಿ ಹೇಳದಿದ್ದರೆ ತಪ್ಪಾದೀತು. ಅರಕಲಗೂಡಿನ ಆ ಹುಡುಗ ಸುನಿಲ್ ನರೈನ್‌ರ ಹೆಸರೆತ್ತಿದಾಗ ಅವನ ಕಣ್ಣಲ್ಲಿದ್ದುದು ಸುಳ್ಳಲ್ಲ. ಟ್ರಿನಿಡಾಡ್‌ನ ಆ ಮಿತಭಾಷಿ ಬೌಲರ್ 2012ರಿಂದ ಕೋಲ್ಕತ್ತಾಗೆ ಆಡಿದವರು. ಅವರ ಬೆರಳಿನ ಮಾಯೆಯನ್ನು ಮೆಚ್ಚಿ ಅವರ ಊರಿನ ತಂಡವನ್ನೂ ಮೆಚ್ಚಿದರೆ ಅದು ಮನುಷ್ಯ ಮನುಷ್ಯನಿಗೆ ಒಲಿಯುವ ರೀತಿ. ನನ್ನ ತಕರಾರು ಅದರ ಬಗ್ಗೆ ಅಲ್ಲ. ಆದರೆ ನರೈನ್‌ರನ್ನು ನಾಳೆ ಬೇರೆ ತಂಡ ಕೊಂಡರೆ ನೀನು ಯಾರ ಕಡೆ ಎಂದು ಕೇಳಿದಾಗ ಅವನು ತಡಮಾಡದೆ "ನೈಟ್ ರೈಡರ್ಸ್" ಎಂದ. ಕೊಟ್ಟ ಉತ್ತರಕ್ಕೆ ತಾನೇ ಸ್ವಲ್ಪ ನಾಚಿದಂತೆಯೂ ಕಂಡ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಫುಟ್‌ಬಾಲ್ ತಂಡವನ್ನು 2023ರಲ್ಲಿ ಇಂಗ್ಲೆಂಡಿನ ಚೆಲ್ಸಿ ತಂಡದ ಮಾಲೀಕರು ಕೊಂಡರು. ಹಣ ಹರಿದುಬಂತು, ಆಟ ಸುಧಾರಿಸಿತು, ತಂಡ ಮೇಲೇರಿತು. ಆದರೂ ಅಲ್ಲಿನ ಕಟ್ಟಾ ಬೆಂಬಲಿಗರು ಪಂದ್ಯದ ಮೊದಲ ಹದಿನೈದು ನಿಮಿಷ ಬಾಯಿ ಬಿಡದೆ ನಿಂತು ಪ್ರತಿಭಟಿಸಿದರು. ನಮ್ಮ ತಂಡ ಇನ್ನೊಂದು ತಂಡದ ನರ್ಸರಿಯಲ್ಲ ಎಂಬುದು ಅವರ ಮಾತಿನ ಸಾರ. ಅವರ ಭಯ ಹುಸಿಯಾಗಲಿಲ್ಲ. 2026ರ ಜನವರಿಯಲ್ಲಿ ಋತುವಿನ ನಡುವೆಯೇ ಅವರ ತರಬೇತುದಾರನನ್ನು ಚೆಲ್ಸಿ ಕರೆಸಿಕೊಂಡಿತು. ಗೆಲ್ಲುತ್ತಿರುವಾಗಲೂ ಮಾಲೀಕನನ್ನು ಪ್ರಶ್ನಿಸಿದ ಈ ಸ್ವಾಭಿಮಾನವನ್ನು ನಮ್ಮವರು ನೋಡಬೇಕು. ಒಬ್ಬನೇ ಎರಡೂ ಕಡೆಯ ಯಜಮಾನನಾದರೆ ಸ್ಪರ್ಧೆ ಪ್ರಾಮಾಣಿಕವಾಗಿ ಉಳಿಯುವುದಿಲ್ಲವೆಂದು ಯೂರೋಪಿನ ಫುಟ್‌ಬಾಲ್ ಸಂಸ್ಥೆಯೂ ನಿಯಮ ಮಾಡಿದೆ. 2025ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ತಂಡ ಇದೇ ಕಾರಣಕ್ಕೆ ಕೆಳಗಿನ ಪಂದ್ಯಾವಳಿಗೆ ಇಳಿಯಬೇಕಾಯಿತು. ನಮ್ಮಲ್ಲಿ ಅಂತಹ ಪ್ರಶ್ನೆ ಎದ್ದದ್ದು ನ್ಯಾಯಾಲಯದಲ್ಲಿ ಮಾತ್ರ. ತಂಡದ ಒಡೆಯನೂ ಮಂಡಳಿಯ ಅಧ್ಯಕ್ಷನೂ ಒಬ್ಬನೇ ಆಗಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಬೇಕಾಯಿತು.

ದೊಡ್ಡವರನ್ನು ಬೈದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಏಕೆಂದರೆ ಈ ಕಾಯಿಲೆ ಈಗ ನಮ್ಮ ತಾಲ್ಲೂಕುಗಳಿಗೂ ಇಳಿದಿದೆ. ಟೆನಿಸ್ ಬಾಲ್ ಪಂದ್ಯಾವಳಿಯೂ ಈಗ 'ಪ್ರೀಮಿಯರ್ ಲೀಗ್'. ರಿಯಲ್ ಎಸ್ಟೇಟ್‌ನವರು, ಮುಂದಿನ ಚುನಾವಣೆಯ ಆಕಾಂಕ್ಷಿಗಳು 'ಓನರ್'ಗಳು. ನಮ್ಮ ಹದಿನೆಂಟರ ಹುಡುಗರನ್ನು ಸಭಾಭವನದಲ್ಲಿ ಕೂರಿಸಿ, ರಾಮನಾಥಪುರದ ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲುಗಳನ್ನು ಕೂಗುವಂತೆ, ಒಬ್ಬೊಬ್ಬರ ಹೆಸರು ಕೂಗಿ ಹರಾಜು ಹಾಕುತ್ತಾರೆ. ಕೊನೆಗೂ ಯಾರೂ ಕೊಳ್ಳದೆ ಉಳಿದ ಹುಡುಗ ಸ್ನೇಹಿತರ ನಡುವೆ ಕುಳಿತು ನಕ್ಕಂತೆ ನಟಿಸುವುದನ್ನು ನಾನು ನೋಡಿದ್ದೇನೆ. ಒಬ್ಬನೇ ಪ್ರಾಯೋಜಕ ಎರಡು ಊರುಗಳಲ್ಲಿ ತಂಡವಿಟ್ಟು ಫೈನಲ್‌ನಲ್ಲಿ ಎರಡೂ ಎದುರಾದಾಗ ಇಬ್ಬರಿಗೂ ತಾನೇ ಹಾರ ಹಾಕಿದ್ದನ್ನೂ ನೋಡಿದ್ದೇನೆ. ಆ ಪಂದ್ಯದಲ್ಲಿ ಯಾರು ಗೆದ್ದರೆಂದು ನನಗೆ ಈಗ ನೆನಪಿಲ್ಲ. ಫ್ಲೆಕ್ಸ್‌ನಲ್ಲಿದ್ದ ಮುಖ ಮಾತ್ರ ನೆನಪಿದೆ.

ಆಟ ನಮಗೆ ನಿಷಿದ್ಧವಲ್ಲ. ಪ್ರವಾದಿ(ಸ) ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು, ರುಕಾನ ಎಂಬ ಜಟ್ಟಿಯೊಂದಿಗೆ ಕುಸ್ತಿ ಹಿಡಿದರು, ಬಿಲ್ಲುಗಾರಿಕೆಗೆ ಪ್ರೋತ್ಸಾಹ ಕೊಟ್ಟರು. ಅಲ್ಲಿ ಎಲ್ಲರೂ ಆಡಿದವರು. ನಮ್ಮದು ನೋಡುವವರ ಸಮುದಾಯವಾಗಿಬಿಟ್ಟಿದೆ. ಶಾದಿ ಮಹಲ್‌ಗಾಗಿ ಚಂದಾ ಎತ್ತುವ ಕಮಿಟಿಗಳು ಹುಡುಗರಿಗೊಂದು ಅಂಗಳ ಬೇಕೆಂದು ಪುರಸಭೆಗೆ ಒಂದು ಅರ್ಜಿಯನ್ನಾದರೂ ಕೊಟ್ಟಿವೆಯೇ? ಹೆಣ್ಣುಮಕ್ಕಳ ಮಾತನ್ನಂತೂ ನಾವು ಎತ್ತುವುದೇ ಇಲ್ಲ. ಆಡಲು ಜಾಗವಿಲ್ಲದವನು ಮೊಬೈಲ್‌ನಲ್ಲಿ ಟ್ರಿನಿಡಾಡ್‌ಗೆ ಹೋಗದೆ ಎಲ್ಲಿಗೆ ಹೋಗಬೇಕು?

ನಮ್ಮದೇ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್ ಎಂಬ ಊರು, ದರ್ಗಾದ ಉರೂಸ್‌ಗೆ ನಾವೆಲ್ಲ ಹೋಗಿ ಬಂದಿರುವ ಊರು, ಲಾರ್ಡ್ಸ್‌ನಿಂದ ಮೆಲ್ಬರ್ನ್‌ವರೆಗೆ ಸ್ಕೋರ್‌ಬೋರ್ಡುಗಳಲ್ಲಿ ಹೊಳೆದದ್ದು ಶ್ರೀನಾಥ್ ಎಂಬ ಬೌಲರ್‌ನ ಹೆಸರಿನ ಮುಂದೆ. ಆ ಹೆಸರನ್ನು ಯಾರೂ ಕೊಂಡಿರಲಿಲ್ಲ. 1974ರಲ್ಲಿ ಮುಂಬೈಯ ಹದಿನೈದು ವರ್ಷಗಳ ಏಕಸ್ವಾಮ್ಯ ಮುರಿದು ಮೊದಲ ರಣಜಿ ಟ್ರೋಫಿ ತಂದ ಕರ್ನಾಟಕದ ತಂಡಕ್ಕೂ ಯಾವ ಮಾಲೀಕನಿರಲಿಲ್ಲ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್‌ರ ಆ ಪೀಳಿಗೆಯಲ್ಲಿ ವಿಕೆಟ್ ಹಿಂದೆ ನಿಂತವರು ನಮ್ಮ ಸೈಯದ್ ಕಿರ್ಮಾನಿ. ಎಂಟು ಸಲ ರಣಜಿ ಗೆದ್ದ ಈ ರಾಜ್ಯದ ಪಂದ್ಯ ನೋಡಲು ಈಗ ಕ್ರೀಡಾಂಗಣದಲ್ಲಿ ಪ್ರೇಕ್ಷಕರಿಗಿಂತ ಕುರ್ಚಿಗಳೇ ಹೆಚ್ಚು.

ಮೊನ್ನೆ ಮತ್ತೆ ಅರಕಲಗೂಡಿಗೆ ಹೋದಾಗ ಆ ಹುಡುಗ ಬಸ್ ನಿಲ್ದಾಣದವರೆಗೂ ಬಂದ. ಅಮ್ಮನಿಗೆ ಸತ್ಯ ಹೇಳಿದೆಯಾ ಎಂದೆ. ಹೇಳಿದ್ದಾನಂತೆ. ಬೈಗುಳವೂ ಬಿತ್ತಂತೆ. "ಹಾಗಾದರೆ ಯಾರನ್ನು ಸಪೋರ್ಟ್ ಮಾಡಬೇಕು ಹಜ್ರತ್?" ಎಂದು ಸ್ವಲ್ಪ ಸವಾಲಿನ ಧ್ವನಿಯಲ್ಲೇ ಕೇಳಿದ. ಹೊಳೆನರಸೀಪುರದ ಹುಡುಗರನ್ನು ಕರೆಸು, ಒಂದು ಭಾನುವಾರ ಅಸರ್ ನಮಾಝ್ ಆದ ಮೇಲೆ ಆಡಿ, ಹರಾಜು ಬೇಡ, ಫ್ಲೆಕ್ಸ್ ಬೇಡ, ಪಕ್ಕದ ಕೇರಿಯ ಗೌಡರ ಮಕ್ಕಳನ್ನೂ ಸೇರಿಸಿಕೊಳ್ಳಿ ಎಂದೆ. ಅಂಪೈರ್ ಆಗಿ ನೀವೇ ಬರಬೇಕೆಂದು ಅವನು ಹಟ ಹಿಡಿದಿದ್ದಾನೆ. ಎಲ್‌ಬಿಡಬ್ಲ್ಯು ನಿಯಮ ನನಗೆ ಸರಿಯಾಗಿ ತಿಳಿಯದೆಂದು ಮೊದಲೇ ಹೇಳಿದ್ದೇನೆ. "ಟೆನಿಸ್ ಬಾಲ್‌ನಲ್ಲಿ ಎಲ್‌ಬಿಡಬ್ಲ್ಯು ಇಲ್ಲ ಹಜ್ರತ್" ಎಂದು ಬಸ್ ಹತ್ತಿಸಿ ಕಳುಹಿಸಿದ.